ಮೂವತ್ತನೆಯ ಹಾಳೆ

ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಆ ಹೆಂಗಸಿನ ಬಳಿ ಹನ್ನೆರಡನೆಯ ಚಿತ್ರ ಇರಲಿಲ್ಲ. ಉಳಿದ ಹನ್ನೊಂದೂ ಇದ್ದವು. ಒಬ್ಬಳೇ ಚಿತ್ರಗಾರ್ತಿ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ತೆಗೆದವು. ಎಲ್ಲದರಲ್ಲೂ ಅದೇ ಮೆಟ್ಟಿಲಸಾಲು, ಒಂದಕ್ಕಿಂತ ಒಂದರಲ್ಲಿ ಇನ್ನಷ್ಟು ಕೆಳಕ್ಕೆ. ಪ್ರತಿ ಚಿತ್ರಕ್ಕೆ ಮೂವತ್ತೇ ಪ್ರತಿ. ಆರು ವರ್ಷದಿಂದ ಇವಳು ಹಟ ಹಿಡಿದು ಮೂವತ್ತನೆಯದನ್ನೇ ಕೊಂಡಿದ್ದಳು.

"ಮೆಟ್ಟಿಲು ನೋಡೋಕೆ ದುಡ್ಡು ಯಾಕೆ ಸುರೀತೀಯೇ? ನಮ್ಮನೇಲೇ ಇಪ್ಪತ್ತೆರಡಿವೆ, ಬಂದು ಗುಡಿಸು" ಎನ್ನುತ್ತಿದ್ದಳು ಅಕ್ಕ.

ಚಿತ್ರಗಳಿಗೆ ಬೆಲೆ ಕಟ್ಟುವವನು ಮಾತ್ರ ನಕ್ಕಿರಲಿಲ್ಲ. ಒಂದೇ ಸಂಖ್ಯೆಯ ಹನ್ನೆರಡೂ ಕೂಡಿದರೆ ಮ್ಯೂಸಿಯಂನವರು ಅದಕ್ಕೇ ಒಂದು ಕೋಣೆ ಬಿಡುತ್ತಾರೆ, ಒಂದು ತಪ್ಪಿದರೂ ಇಲ್ಲ ಎಂದಿದ್ದ. ಅವಳಿಗೆ ಬೇಕಿದ್ದದ್ದು ಆ ಕೋಣೆಯೇ. ಮಂಚದ ಕೆಳಗಿನ ಹಾಳೆಗಳನ್ನು ಅವಳು ಒಮ್ಮೆಯೂ ಸಾಲಾಗಿ ಗೋಡೆಯ ಮೇಲೆ ನೋಡಿರಲಿಲ್ಲ.

ಮೂವತ್ತು ಮುಗಿದ ಮೇಲೆ ಕೊಂಡವರೊಬ್ಬರ ಎದುರಿಗೆ ತಗಡನ್ನು ಮೂಲೆಯಿಂದ ಮೂಲೆಗೆ ಗೀರುವುದು ಚಿತ್ರಗಾರ್ತಿಯ ಅಚ್ಚುಮನೆಯ ಪದ್ಧತಿ. ಇನ್ನೆಂದೂ ಅಚ್ಚು ತೆಗೆಯಬಾರದಲ್ಲ. ಗೀರಿದ ತಗಡಿನಿಂದ ಒಂದು ಹಾಳೆ ತೆಗೆದು ಸಾಕ್ಷಿಗೆ ಇಡುತ್ತಾರೆ. ಈ ಸಲ, ಹನ್ನೆರಡನೆಯದಕ್ಕೆ, ನೋಡಲು ಇವಳನ್ನು ಕರೆದಿದ್ದರು.

ಚಿತ್ರಗಾರ್ತಿಯ ತಮ್ಮ ಅಚ್ಚಿನ ಯಂತ್ರದ ಚಕ್ರ ತಿರುಗಿಸಿ, ಮೇಲಿನ ಕಂಬಳಿ ಮಡಚಿ, ಕೊನೆಯ ಒದ್ದೆ ಹಾಳೆಯ ಎರಡು ತುದಿ ಹಿಡಿದು ಎತ್ತಿದ. ನೋಡುತ್ತಿದ್ದ ಇವಳ ಕಾಲು ತಾನಾಗಿ ಹಿಂದೆ ಸರಿಯಿತು. ಅಂಗೈಯಗಲದ ಕಪ್ಪಿನೊಳಗೆ ಮೆಟ್ಟಿಲು ಇಳಿಯುತ್ತಲೇ ಇತ್ತು. ತೀರ ತಳದಲ್ಲಿ ಮುಚ್ಚಿದ ಬಾಗಿಲು, ಅದರಡಿ ಕೂದಲೆಳೆಯಷ್ಟು ಬೆಳಕು. ಆರು ವರ್ಷ ಇಳಿದದ್ದು ಈ ಬೆಳಕಿಗೆ ಎಂದು ಅವಳಿಗೆ ಹೊಳೆಯಿತು. ಉಸಿರಾಡಿದರೆ ಆರಿಬಿಡುತ್ತದೇನೋ ಎಂಬಂತೆ ನಿಂತಳು.

ಆಮೇಲೆ ಚಿತ್ರಗಾರ್ತಿ ಉಳಿ ಎತ್ತಿಕೊಂಡು ಎರಡು ಗೀರು ಎಳೆದಳು. ತಾಮ್ರ ಕಿರುಗುಟ್ಟಿತು. ತಮ್ಮ ಸಾಕ್ಷಿಯ ಹಾಳೆಯನ್ನೂ ತೆಗೆದ.

ಪೆನ್ಸಿಲ್ ಹಿಡಿದು ಸಂಖ್ಯೆ ಹಾಕಲು ಕೂತಾಗ ಗೊತ್ತಾಯಿತು. ಹಾಳೆ ಇದ್ದದ್ದು ಇಪ್ಪತ್ತೊಂಬತ್ತು. ತಂತಿಗೆ ನೇತುಹಾಕಿದ್ದ ಪರೀಕ್ಷೆಯ ಹಾಳೆಯನ್ನೂ ತಮ್ಮ ಲೆಕ್ಕಕ್ಕೆ ಹಿಡಿದಿದ್ದ. ತಗಡು ಹೇಗಾಗಿದೆ ಎಂದು ನೋಡಲು, ಬೆಳಕು ಮೂಡಿಸುವ ಮುಂಚೆ ತೆಗೆದ ಹಾಳೆ ಅದು. ಇಪ್ಪತ್ತೊಂಬತ್ತೂ ಬೇರೆಯವರ ಪಾಲಿನವು.

ಅವನ ಮುಖ ಸುಣ್ಣವಾಯಿತು. "ಆ ಪರೀಕ್ಷೆ ಹಾಳೆಗೇ ಮೂವತ್ತು ಅಂತ ಬರೆದುಬಿಡಕ್ಕಾ. ಯಾರಿಗೆ ಗೊತ್ತಾಗುತ್ತೆ?"

ಚಿತ್ರಗಾರ್ತಿ ಇವಳ ಮುಖ ನೋಡಿದಳು. "ನಂದು ತಪ್ಪು. ನೀವು ಹೇಗೆ ಹೇಳ್ತೀರೋ ಹಾಗೆ."

ಇವಳು ಪರೀಕ್ಷೆಯ ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದಳು. ಬಾಗಿಲಿತ್ತು. ಅಡಿಯಲ್ಲಿ ಬರೀ ಕಪ್ಪು.

"ಬೇಡ" ಎಂದಳು. "ಒಬ್ಬರ ರಕ್ತಕ್ಕೆ ಇನ್ನೊಬ್ಬರ ಚೀಟಿ ಅಂಟಿಸಿದ ಹಾಗಾಗುತ್ತೆ. ನನ್ನ ಕೈಲಾಗಲ್ಲ."

ಮೇಜಿನ ಮೇಲೆ ಗೀರು ಬಿದ್ದ ಹಾಳೆ ಒಣಗುತ್ತಿತ್ತು. ಎರಡು ಗೀರು ಮೆಟ್ಟಿಲನ್ನೆಲ್ಲ ಸೀಳಿದ್ದವು. ಬೆಳಕು ಮಾತ್ರ ಹಾಗೇ ಇತ್ತು. ಸಾಕ್ಷಿಯ ಹಾಳೆಯನ್ನು ಅಚ್ಚುಮನೆ ಯಾರಿಗೂ ಕೊಡುವುದಿಲ್ಲ. ಅವಳು ಕೇಳಲೂ ಇಲ್ಲ, ಒಣಗುವವರೆಗೂ ಅದರ ಮುಂದೆ ಕೂತಿದ್ದಳು.

ಹೋದದ್ದು ಇಷ್ಟು: ಹಾಳೆ ಒಂದು, ಏಳು ತಿಂಗಳು ಕೊರೆದ ತಗಡು ಒಂದು, ಮ್ಯೂಸಿಯಂನಲ್ಲಿ ಕೋಣೆ ಒಂದು.