ಹಿಡ್ಕೊಂಡೆ ಅನ್ನುವವರೆಗೆ

ಎಡಗಡೆಯ ಮೂಲೆ ಕಿವಿಯ ಹಾಗೆ ನಿಮಿರಿ ನಿಂತಿದೆ, ದೂರದಲ್ಲೆಲ್ಲೋ ಗೇಟು ಕಿರ್ರೆಂದದ್ದು ಕೇಳಿದ ನಾಯಿಯ ಕಿವಿ, ಬಲಗಡೆಯದೂ ನಿಂತಿದೆ ಆದರೆ ಅಷ್ಟು ಗಮನವಿಟ್ಟಲ್ಲ — ಹೊಸ ಬಟ್ಟೆ, ಗಂಜಿ ಇರುತ್ತದೆ, ನಿಲ್ಲುತ್ತದೆ, ಅದರಲ್ಲೇನು ಬಂತು ಎಂದುಕೊಂಡಳು ಅವಳು, ರಜಾಯಿಯ ಗವಸಿನೊಳಗಿಂದ ಆಗಷ್ಟೇ ಹಿಂದು ಹಿಂದಕ್ಕೆ ತೆವಳಿ ಹೊರಬಂದು, ಕೆದರಿದ ಕೂದಲು, ಬಾಯಿಗೆ ಸಿಕ್ಕ ನೂಲಿನ ಎಳೆ, ಥೂ. ಇಪ್ಪತ್ತೆರಡು ವರ್ಷ ಲಾಂಡ್ರಿಯಲ್ಲಿ ಸವೆದ ಕೈ, ಒಂದು ಗವಸು ಹಾಕಲು ಇದು ಮೂರನೆಯ ಸಲ, ಮೊದಲೆರಡು ಸಲ ಹೊರಗೆ ಬರುವಷ್ಟರಲ್ಲಿ ಒಳಗಿನ ರಜಾಯಿ ಕುಸಿದು ನಡುವೆ ಉಂಡೆಕಟ್ಟಿ ಕೂತಿತ್ತು, ಆನೆ ನುಂಗಿದ ಹಾವಿನ ಹಾಗೆ, ಅದು ಸರಿ, ಕುಸಿಯಲೇಬೇಕು, ಒಬ್ಬರ ಕೈಲಿ ಆಗುವ ಕೆಲಸವಲ್ಲ ಅದು, ಹಿಡಿಯುವವರಿಲ್ಲದಿದ್ದರೆ ಕುಸಿಯುತ್ತದೆ, ಕುಸಿಯದೆ ಇರುವುದೇ — ಗಂಜಿ, ಗಂಜಿ. ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿದೆ. ನಾಲ್ಕರ ಬಸ್ಸಿಗೆ ಅಕ್ಕನ ಮಗಳು ಇಳಿಯುತ್ತಾಳೆ, ಫೋನಿನಲ್ಲಿ ಅಂದಿದ್ದಳು, ಇಲ್ಲಿಗೇ ವರ್ಗ ಆಗಿದೆ ಚಿಕ್ಕಮ್ಮಾ, ನಿಮ್ಮ ಜೊತೇಲೇ ಇರ್ತೀನಿ, ಅಮ್ಮನ ರೂಮು ಖಾಲಿ ಇದೆ ತಾನೇ, ಇದೆ ಮಗಾ ಖಾಲಿಯಾಗೇ ಇದೆ, ಮತ್ತೆ ನಂಗೆ ಅಮ್ಮನ ರಜಾಯಿನೇ ಬೇಕು, ಬೇರೆ ಹೊಸದು ಗಿಸದು ತರ್ಬೇಡಿ, ಇಲ್ಲ ಕಣೇ ತರಲ್ಲ, ಗವಸು ಮಾತ್ರ ಹೊಸದು ಹಾಕ್ತೀನಿ, ಹಳೇದು ಹರಿದಿದೆ. ಹರಿದಿರಲಿಲ್ಲ. ಕತ್ತರಿಸಿದ್ದು ಅವಳೇ, ಕತ್ತರಿಯಲ್ಲಿ, ಎರಡು ಮೂಲೆಗಳನ್ನು, ಅದನ್ನು ಈಗ ನೆನೆಯಬೇಕಾಗಿಲ್ಲ.

ಬೆಳಿಗ್ಗೆ ಅಂಗಡಿಯವನು ಒಂದು ಪ್ರಶ್ನೆಗೆ ಹತ್ತು ಕೇಳಿದ, ಬಟನ್ನಾ ಜಿಪ್ಪಾ ಅಮ್ಮಾ, ಕಾಟನ್ನಾ ಮಿಕ್ಸಾ, ಇದು ನೋಡಿ ರೇಷ್ಮೆ ಥರ ಜಾರತ್ತೆ — ಜಾರುವುದು ಯಾರಿಗೆ ಬೇಕಪ್ಪಾ, ಹೊದ್ದುಕೊಂಡವರು ಒಂದು ಕಡೆ ಹೊದಿಕೆ ಒಂದು ಕಡೆ — ಇದು ನೋಡಿ, ದಪ್ಪ, ಇಪ್ಪತ್ತು ವರ್ಷ ಬರತ್ತೆ, ಅವಳು ಅಂಗೈಯಲ್ಲಿ ತೂಗಿ ನೋಡಿ ಮೂಗಿಗಿಂತ ಮೂಗುತಿ ಭಾರ ಅಂದಳು, ಅವನು ನಕ್ಕ, ನೀವು ಬಟ್ಟೆ ಬಲ್ಲೋರು ಬಿಡಿ. ಬಲ್ಲವಳೇ. ಗವಸನ್ನು ತಿರುವಿ ಒಳಮೂಲೆ ನೋಡಿದಳು, ಕಟ್ಟುವ ಲಾಡಿ ಇದೆಯೇ, ಹೊಲಿಗೆ ಎರಡು ಸುತ್ತು ಹೋಗಿದೆಯೇ, ಗುಂಡಿಯ ಬಾಯಿ ಅಗಲವಾಗಿ ತೋಳು ಹೆಗಲು ತಲೆ ಎಲ್ಲ ತೂರುವಂತಿದೆಯೇ, ಬೂದುಬಣ್ಣ, ಅಂಚಿಗೊಂದು ಸಣ್ಣ ಗೆರೆ, ಸಾಕು, ಅಳತೆ ಅಂದ, ಅವಳು ಅಂಗಡಿಯ ನಡುವೆ ಎರಡೂ ಕೈ ಚಾಚಿ ನಿಂತಳು, ಒಂದು ಮಾರು ಮೇಲೊಂದು ಗೇಣು, ಅಮ್ಮಾ ಟೇಪ್ ಇದೆ ಕೊಡ್ತೀನಿ, ಬೇಡ, ಅಳತೆಯ ಬಿಲ್ಲೆ ಇಲ್ಲದ ಹೊದಿಕೆ ಬಂದರೆ ಲಾಂಡ್ರಿಯಲ್ಲಿ ಹೀಗೇ ಅಳೆಯುವುದು, ಅಕ್ಕ ಕಲಿಸಿದ್ದು, ಇದು ಒಂದು ಮಾರು ಒಂದು ಗೇಣು, ಬರ್ಕೋ. ಮನೆಗೆ ಬಂದು ಬಾಗಿಲ ಚಿಲಕ ತೆಗೆಯುವಾಗ ಹೊಳೆಯಿತು, ಆ ಮಾರು ಅಕ್ಕನದು. ಅಕ್ಕ ಇವಳಿಗಿಂತ ಒಂದು ತಲೆ ಎತ್ತರ, ತೋಳು ಕೇಳಬೇಕೇ, ದೂಳು ಹೊಡೆಯಲು ಅವಳಿಗೆ ಕೋಲೇ ಬೇಕಾಗಿರಲಿಲ್ಲ, ಇವಳ ತೋಳಿನಲ್ಲಿ ಅಳೆದರೆ ಗವಸು ಒಂದು ಗೇಣು ಕಡಿಮೆ ಬೀಳಬೇಕು, ಥತ್, ವಾಪಸು ಹೋಗುವಷ್ಟು ಹೊತ್ತಿಲ್ಲ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು ಹೊದಿಕೆಯ ವಿಷಯ ಏನೂ ಹೇಳಿಹೋಗಿಲ್ಲ. ಮಂಚದ ಮೇಲೆ ಬಿಡಿಸಿ ರಜಾಯಿಯನ್ನು ಮೇಲಿಟ್ಟು ನೋಡಿದಳು. ಸರಿಯಾಗಿತ್ತು. ಬೆರಳಷ್ಟೂ ಹೆಚ್ಚುಕಡಿಮೆ ಇಲ್ಲ. ರಜಾಯಿ ತೊಳೆದ ಮೇಲೆ ಮುದುಡಿರುತ್ತದೆ, ಮುದುಡುತ್ತದೆ, ಆದರೆ ಒಂದು ಗೇಣು ಮುದುಡಿದ್ದನ್ನು ಅವಳು ಈ ಜನ್ಮದಲ್ಲಿ ಕಂಡಿಲ್ಲ, ಅಥವಾ ಅಂಗಡಿಯಲ್ಲಿ ಚಾಚಿದ ಕೈ — ಹೊಸ ಗವಸನ್ನು ಒಮ್ಮೆ ಒಗೆಯದೆ ಹಾಕುತ್ತಿದ್ದೀಯಲ್ಲೇ, ಲಾಂಡ್ರಿಯವಳಾಗಿ, ಹೊತ್ತಿಲ್ಲ ಕಣೇ ಅಕ್ಕಾ, ಹೊತ್ತಿಲ್ಲ, ಇವತ್ತೊಂದು ದಿನ.

ಜೋಡೆತ್ತು ಅಂತ ಕರೆಯುತ್ತಿದ್ದರು ಅಕ್ಕ ತಂಗಿ ಇಬ್ಬರನ್ನೂ, ಒಬ್ಬಳ ಗಂಡ ಸತ್ತು ಇನ್ನೊಬ್ಬಳ ಗಂಡ ಹೇಳದೆ ಕೇಳದೆ ಹೋಗಿ, ಒಂದೇ ಮನೆ, ಒಂದೇ ಲಾಂಡ್ರಿ, ಒಂದೇ ಟಿಫನ್ ಡಬ್ಬಿ, ಎರಡು ಚಮಚ. ಗವಸು ಹಾಕುವ ಕೆಲಸ ಇಬ್ಬರದೇ, ಉದ್ದನೆಯವಳು ಒಳಗೆ, ಕುಳ್ಳಿ ಹೊರಗೆ. ಅಕ್ಕ ರಜಾಯಿಯ ಎರಡು ಮೂಲೆಗಳನ್ನು ಎರಡು ಕೈಯಲ್ಲಿ ಚಿವುಟಿ ಹಿಡಿದು ತಲೆಸಮೇತ ಗವಸಿನೊಳಗೆ ನುಗ್ಗಿ, ಮೂಲೆಗೆ ಮೂಲೆ ಕೂರಿಸಿ, ಕೈ ಮೇಲೆತ್ತಿ ನಿಂತುಬಿಡುವಳು, ಮುಖವಿಲ್ಲ, ಕಣ್ಣಿಲ್ಲ, ಬಿಳಿಬಟ್ಟೆಗೆ ಎರಡು ಕೋಡು, ಮೊದಲ ದಿನ ನೋಡಿದ ಲಾಂಡ್ರಿ ವ್ಯಾನಿನ ಡ್ರೈವರ್ ಅಮ್ಮಾ ಎಂದು ಕಿರುಚಿ ಮೂಟೆ ಬಿಟ್ಟೋಡಿದ್ದ, ಒಳಗಿನಿಂದ ಅಕ್ಕನ ಧ್ವನಿ, ಹತ್ತಿಯೊಳಗಿಂದ ಬಂದಂತೆ, ಹಿಡ್ಕೋ. ಇವಳು ಹೊರಗಿನಿಂದ ಬಟ್ಟೆಯ ಮೇಲೇ ಎರಡೂ ಮೂಲೆ ಹಿಡಿದು, ಹಿಡ್ಕೊಂಡೆ. ಆಗ ಮಾತ್ರ ಅಕ್ಕ ಬಿಡುವುದು. ಹಿಡ್ಕೊಂಡೆ ಅನ್ನುವವರೆಗೆ ಬಿಡುವ ಹಾಗಿಲ್ಲ, ಬಿಟ್ಟರೆ ಎಲ್ಲ ಕುಸಿದು ಮೊದಲಿನಿಂದ, ಎರಡೂ ಹಿಡಿದ್ಮೇಲೆ ಬಾಯಿಬಿಡು, ಒಂದಕ್ಕೆ ಹೇಳಿದ್ರೆ ನಾನು ಒಂದೇ ಬಿಡೋದು, ಆಮೇಲೆ ನನ್ನ ಬೈಬೇಡ, ಎಂಥ ಕಾನೂನು ನಿಂದು, ಕೆಲಸ ಅಂದ್ರೆ ಕೆಲಸ ಕಣೇ ಕುಳ್ಳಿ. ಮತ್ತೆ ಆ ಬೆರಳು. ಇಸ್ತ್ರಿಯ ರೋಲರ್ ಒಮ್ಮೆ ಅಕ್ಕನ ಬಲಗೈ ತೋರುಬೆರಳನ್ನು ಎಳೆದುಕೊಂಡು ಬಿಟ್ಟಮೇಲೆ ಅದು ಬಾಗಲಿಲ್ಲ, ಹೆಬ್ಬೆರಳು ನಡುಬೆರಳಲ್ಲಿ ಚಿವುಟಿ ಹಿಡಿದರೆ ತೋರುಬೆರಳು ಮಾತ್ರ ಪಕ್ಕಕ್ಕೆ ನೆಟ್ಟಗೆ, ಬಟ್ಟೆಯೊಳಗೆ ಒಂದು ಸಣ್ಣ ಗೂಟ, ಯಾರನ್ನೋ ತೋರಿಸುತ್ತಿರುವ ಹಾಗೆ, ಅಕ್ಕನ ಬಲಗೈ ಅಂದರೆ ಎದುರು ನಿಂತ ಇವಳಿಗೆ ಎಡಗಡೆಯ ಮೂಲೆ, ಅಂದಿನಿಂದ ಎಡಗಡೆಯ ಮೂಲೆ ಹಿಡಿದಾಗೆಲ್ಲ ಆ ಗೂಟ ಇವಳ ಅಂಗೈಗೆ ತಾಗುತ್ತಿತ್ತು, ಬೆಚ್ಚಗೆ.

ಅಕ್ಕ ಹೋದಮೇಲೆ ಹನ್ನೊಂದು ತಿಂಗಳು ರಜಾಯಿ ಬೀರುವಿನ ಮೇಲಿತ್ತು, ತೊಳೆಯದೆ, ಬಿಸಿಲಿಗೆ ಹಾಕದೆ, ಊರವರಿಗೆಲ್ಲ ವರ್ಷಕ್ಕೊಮ್ಮೆ ತೊಳೀರಿ ವಾರಕ್ಕೊಮ್ಮೆ ಕೊಡವಿ ಗಾಳಿಗೆ ಹಾಕಿ ಎಂದು ಉಪದೇಶ ಮಾಡುವವಳು, ತನ್ನ ಮನೆಯಲ್ಲಿ ಮೂಗೊತ್ತಿ ಮೂಸಿ ಮತ್ತೆ ಮೇಲಿಡುತ್ತಿದ್ದಳು, ಮುಲಾಮು, ಬೆವರು, ಸೋಪು, ಅಕ್ಕ. ಫೋನು ಬಂದ ಮಾರನೆಯ ದಿನ ಲಾಂಡ್ರಿಗೆ ಒಯ್ದಳು. ಮಷಿನ್ನಿನ ನೊರೆಯಣ್ಣ, ಸೋಪು ಅಳೆಯದೆ ಸುರಿಯುವವನಾದ್ದರಿಂದ ನೊರೆಯಣ್ಣ, ತಾನೇ ಹಾಕಿ ತಾನೇ ತೆಗೆದ, ಡ್ರೈಯರಿಗೆ ಎರಡು ಟೆನಿಸ್ ಚೆಂಡು ಎಸೆದ, ಒಳಗಿನ ಹತ್ತಿ ಗಂಟು ಕಟ್ಟದಿರಲೆಂದು ಎಲ್ಲ ರಜಾಯಿಗೂ ಎಸೆಯುವುದೇ, ಧಬ್, ಧಬ್, ಸಾವಿರ ಸಲ ಕೇಳಿದ ಸದ್ದು, ಯಾರೋ ಒಳಗಿಂದ ಬಾಗಿಲು ಬಡೀತಿರೋ ಹಾಗಿದೆ ಅಲ್ವೇನಕ್ಕಾ ಅಂದ, ಅಂದವನು ನಾಲಿಗೆ ಕಚ್ಚಿಕೊಂಡ, ಅವಳು ನಕ್ಕಳು, ನಿನ್ನ ಹೆಂಡ್ತಿ ಇರ್ಬೇಕು ಬಾಗಿಲು ತೆಗಿ ಹೋಗು. ಒಣಗಿದ ಮೇಲೆ ಬೆರಳಾಡಿಸಿ ಗಂಟು ಬಿಡಿಸುತ್ತ ಹೋದಳು, ಗಂಟು ಹಿಂಡಿದರೆ ಪುಡಿಯಾಗುತ್ತದೆ, ಇದು ಪುಡಿಯಾಯಿತು ಅದು ಪುಡಿಯಾಯಿತು, ಒಂದು ಮೂಲೆಯಲ್ಲಿ ಒಂದು ಗಂಟು ಉದ್ದಕ್ಕೆ, ಬೆರಳುದ್ದ, ಪುಡಿಯಾಗಲಿಲ್ಲ. ಹೊಲಿಗೆ ಮಡಚಿರಬೇಕು. ಮಡಚಿದ ಹೊಲಿಗೆ ಬೆಚ್ಚಗಿರುವುದು ಡ್ರೈಯರಿನಿಂದ ಬಂದದ್ದಕ್ಕೆ. ಮಾರನೆಯ ದಿನವೂ ಬೆಚ್ಚಗಿದ್ದದ್ದು — ಬಿಸಿಲು, ಕಿಟಕಿಯ ಬಿಸಿಲು, ಎಲ್ಲದಕ್ಕೂ ಒಂದು ಕಾರಣ ಇರುತ್ತದೆ, ಹುಡುಕುವ ತಾಳ್ಮೆ ಬೇಕಷ್ಟೆ.

ಕೊನೆಯ ದಿನ ಮಟಮಟ ಮಧ್ಯಾಹ್ನ, ಇದೇ ಮಂಚ, ಅಕ್ಕನ ಕೈಗಳು ರಜಾಯಿಯ ಅಂಚನ್ನು ಹುಡುಕುತ್ತಿದ್ದವು, ಎಳೆಯುವುದು ಬಿಡುವುದು ಎಳೆಯುವುದು, ಮನೆಗೆ ಬರುತ್ತಿದ್ದ ನರ್ಸಮ್ಮ ಹೇಳಿದರು, ಕೊನೇಲಿ ಎಷ್ಟೋ ಜನ ಹೀಗೇ ಬಟ್ಟೆ ಕೀಳ್ತಾರೆ, ಅದಕ್ಕೇನೂ ಅರ್ಥ ಇಲ್ಲ, ನೋಡ್ಬೇಡಿ. ಅರ್ಥ ಇಲ್ಲವಂತೆ. ನರ್ಸಮ್ಮ ಲಾಂಡ್ರಿಯವರಲ್ಲ. ಇವಳು ನೋಡುತ್ತಿದ್ದಳು, ಕೀಳುತ್ತಿರಲಿಲ್ಲ ಅಕ್ಕ, ಮೂಲೆ ಹುಡುಕುತ್ತಿದ್ದಳು, ಸಿಕ್ಕಿತು, ಒಂದು ಕೈಗೊಂದು, ಹೆಬ್ಬೆರಳು ನಡುಬೆರಳು, ಪಕ್ಕದಲ್ಲಿ ಆ ಗೂಟ, ತೋಳುಗಳು ನಡುಗುತ್ತ ಮೇಲೆದ್ದವು, ಮುಖ ರಜಾಯಿಯ ಹಿಂದೆ ಮರೆಯಾಯಿತು, ಮತ್ತೆ ಹತ್ತಿಯೊಳಗಿಂದ, ಹಿಡ್ಕೋ. ಒಂದೇ ಒಂದು ಮಾತು, ದಿನಕ್ಕೆ ನಲವತ್ತು ಸಲ ಹೇಳಿದ ಮಾತು, ಹಿಡ್ಕೋ ಕುಳ್ಳೀ, ಇವಳು ಹಿಡಿಯಲಿಲ್ಲ, ಹೇಳಲಿಲ್ಲ, ಎರಡೂ ಕೈ ಬೆನ್ನಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತಳು, ಹೇಳಿದರೆ ಬಿಡುತ್ತಾಳಲ್ಲ, ಹೇಳದಿದ್ದರೆ ಬಿಡುವ ಹಾಗಿಲ್ಲವಲ್ಲ, ಕಾನೂನು ಅವಳದೇ, ಕೆಲಸ ಅಂದರೆ ಕೆಲಸ. ಎಷ್ಟು ಹೊತ್ತೋ. ಕೈಗಳು ಕೆಳಗೆ ಬಂದವು, ಉಸಿರು ನಿಂತಿತು, ಬೆರಳು ಮಾತ್ರ ಬಿಟ್ಟಿರಲಿಲ್ಲ. ನರ್ಸಮ್ಮ ಬಂದು ಬಿಡಿಸಲು ನೋಡಿದರು, ಆಗಲಿಲ್ಲ, ಇವಳು ರಜಾಯಿಯನ್ನು ಒಳಗಿನಿಂದ ಕೆಳಕ್ಕೆ ಎಳೆದುಕೊಂಡು ಗವಸಿನ ಎರಡು ಮೂಲೆಗಳನ್ನು ಕತ್ತರಿಸಿದಳು, ಆ ಎರಡು ತುಂಡು ಅಕ್ಕನ ಜೊತೆಗೇ ಹೋದವು. ಮಗಳು ಬಂದು ಅತ್ತು ಕೇಳಿದಳು, ಅಮ್ಮ ಕೊನೆಗೆ ಏನಂದ್ಲು ಚಿಕ್ಕಮ್ಮಾ, ನಿನ್ನ ಹೆಸರು ಹೇಳಿದಳು ಮಗಾ, ಅಷ್ಟೇನಾ, ಅಷ್ಟೇ. ಇನ್ನು ಆ ಮಗು ಇದನ್ನು ಹೊದ್ದು ಮಲಗುತ್ತಾಳೆ, ಗದ್ದದವರೆಗೆ ಎಳೆದುಕೊಂಡು, ಅಮ್ಮನ ರಜಾಯಿ ಎಂದು ಅಪ್ಪಿಕೊಂಡು, ಆ ಕಡೆಯಿಂದ ಇನ್ನೂ ಹಿಡಿದುಕೊಂಡೇ ಇರುವವಳ — ಇಲ್ಲ. ಅದಾಗಕೂಡದು. ಹೆತ್ತವಳೇ ಆದರೂ.

ಬಸ್ಸಿನ ಹಾರ್ನ್. ಬಸ್ ನಿಲ್ದಾಣದಿಂದ ಮನೆಗೆ ಆರು ನಿಮಿಷ, ಪೆಟ್ಟಿಗೆ ಇದ್ದರೆ ಎಂಟು. ಅವಳು ಎದ್ದಳು, ಮಂಡಿ ಲಟಕ್ಕೆಂದಿತು, ಮೂಲೆಗಳು ಹಾಗೇ ನಿಂತಿವೆ, ಎರಡರಲ್ಲೂ ಚಿವುಟಿದ ನೆರಿಗೆ, ಹತ್ತಿರ ಹೋದರೆ ಗಂಜಿಯ ನೆರಿಗೆ ಎಂದು ತಿಳಿಯುತ್ತದೆ, ಹತ್ತಿರ ಹೋದಳು, ಎಡಗಡೆಯದರ ಪಕ್ಕಕ್ಕೆ ಬಟ್ಟೆ ಸಣ್ಣಗೆ ಉಬ್ಬಿದೆ, ನೆಟ್ಟಗೆ, ಇವಳನ್ನೇ ತೋರಿಸುತ್ತ, ಆ ಉದ್ದದ ಗಂಟು, ಮಡಚಿದ ಹೊಲಿಗೆ, ಬಿಸಿಲು. ಹೇಳಿಬಿಡು. ಒಂದು ಮಾತು. ಎರಡೂ ಹಿಡಿದು ಬಾಯಿಬಿಡು, ಹನ್ನೊಂದು ತಿಂಗಳಿನಿಂದ ಕೈ ಮೇಲೆತ್ತಿ ನಿಂತಿದ್ದಾಳೆ, ತೋಳು ಎಷ್ಟು ನೋಯುತ್ತಿರಬೇಡ, ಉದ್ದನೆಯ ತೋಳು, ಗೇಟು ಕಿರ್ರೆಂದಿತು, ಚಕ್ರದ ಪೆಟ್ಟಿಗೆ ಮೆಟ್ಟಿಲಿಗೆ ತಾಗಿ ಧಬ್, ಧಬ್, ಚಿಕ್ಕಮ್ಮಾ ಬಂದೇ ನಾನು, ಬಾಗಿಲು ತೆಗೀರಿ, ಬಂದೆ ಮಗಾ, ಇವಳು ಬಲಗೈ ಚಾಚಿ ಬಲಗಡೆಯ ಮೂಲೆ ಹಿಡಿದಳು, ಎಡಗೈ ಚಾಚಿದಳು, ಎಡಗೈ ಹೋಯಿತು, ಹೋಗಿ ಬಟ್ಟೆಗೆ ಒಂದಂಗುಲ ಈಚೆ ನಿಂತಿತು, ಅಲ್ಲಿಂದಲೇ ಬೆಚ್ಚಗೆ ತಾಗುತ್ತಿತ್ತು, ಚಿಕ್ಕಮ್ಮಾ, ಬಂದೆ ಬಂದೆ, ಬಾಯಿ ಅದರ ಪಾಡಿಗೆ ಅದು ಹೇಳಿಬಿಟ್ಟಿತು, ಹಿಡ್ಕೊಂಡೆ.

ಬಲಗಡೆಯ ಮೂಲೆ ಅವಳ ಕೈಯಲ್ಲಿ ಹಗುರಾಗಿ ಬರಿಯ ಬಟ್ಟೆಯಾಯಿತು, ಒಳಗೆ ಯಾರೋ ನಿಟ್ಟುಸಿರು ಬಿಟ್ಟಂತೆ ಗಾಳಿ ಹೊರಟಿತು, ರಜಾಯಿಯ ಆ ಅರ್ಧ ಇಳಿದು ಚಪ್ಪಟೆಯಾಯಿತು, ಸರಿಯಾಯಿತು, ಇನ್ನೊಂದು, ಇನ್ನೊಂದನ್ನು ಹಿಡಿದರೆ ಆಯಿತು, ಹಿಡಿ, ಒಂದಂಗುಲ, ಬಾಗಿಲು ಬಡಿಯುವ ಸದ್ದು, ಧಬ್, ಚಿಕ್ಕಮ್ಮಾ ಮಲಗಿದೀರಾ, ಒಂದಕ್ಕೆ ಹೇಳಿದ್ರೆ ನಾನು ಒಂದೇ ಬಿಡೋದು, ಗೊತ್ತು ಕಣೇ, ಗೊತ್ತು, ಗೊತ್ತಿದ್ದೇ — ಎಡಗಡೆಯ ಮೂಲೆ ನಿಂತಿದೆ, ಬೂದುಬಟ್ಟೆ, ಚಿವುಟಿದ ನೆರಿಗೆ, ಪಕ್ಕದಲ್ಲಿ ಬಾಗದ ಬೆರಳು, ಚಿವುಟಿದ ನೆರಿಗೆ, ಬಾಗದ ಬೆರಳು, ಬಾಗದ ಬೆರಳು