ಅಪ್ಪ ಮಲಗಿದ್ದ ತಗ್ಗು

"ಒಂದು ಸಲ ಈ ಕಡೆ ತಿರುಗಿದ್ದರೆ ನಿನ್ನ ಗಂಟೇನಾದ್ರೂ ಹೋಗ್ತಿತ್ತಾ?"

ಕೇಳಿದ್ದು ನಾನೇ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯ ಪರದೆಯಲ್ಲಿ ಸೋಸಿ, ಹಾಲಿನ ಹಾಗೆ ನೆಲದ ಮೇಲೆ ಹರಡಿತ್ತು. ಅಪ್ಪ ಮಲಗುತ್ತಿದ್ದ ಜಾಗದಲ್ಲಿ ಆಗಷ್ಟೇ ಎಚ್ಚರವಾಗಿ, ಕನಸಿನ ತುದಿ ಇನ್ನೂ ಕೈಯಲ್ಲಿರುವಾಗಲೇ ತಲೆಯ ಮೇಲಿನ ಸೂರಿಗೆ ಹೇಳಿದ ಮಾತು ಅದು. ಸೂರೂ ಕನಸಿನ ಅಪ್ಪನಷ್ಟೇ ಮಾತುಗಾರ. ಸುಮ್ಮನಿತ್ತು.

ಅಪ್ಪ ಹಾಸಿಗೆ ಹೊಲಿಯುತ್ತಿದ್ದ. ಕೆಳಗೆ ಅಂಗಡಿ, ಮೇಲೆ ಮನೆ. ಹತ್ತಿ ಹಿಂಜುವ ಯಂತ್ರ ಕೆಳಗೆ ಗುಡುಗುತ್ತಿದ್ದರೆ ಎಳೆಗಳು ಮೆಟ್ಟಿಲು ಹತ್ತಿ ಬಂದು ಅಡುಗೆಮನೆಯ ಪಾತ್ರೆಗಳಲ್ಲಿ ಇಣುಕುತ್ತಿದ್ದವು. ಚಿಕ್ಕ ವಯಸ್ಸಿನಲ್ಲೇ ಅಪ್ಪನ ಹುಬ್ಬು ಹತ್ತಿ ಕೂತು ಬೆಳ್ಳಗೆ. ಸಂಜೆ ಮುಖ ತೊಳೆದರೆ ಮತ್ತೆ ಕಪ್ಪು. ಗಿರಾಕಿ ಬೆಲೆಗೆ ಜಗ್ಗಾಡಿದರೆ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಊರೆಲ್ಲ ಹೇಳುತ್ತೆ. ನಾನು ಕಾಲು ಅಳೆದು ಹಾಸಿಗೆ ಹೊಲೀತೀನಿ. ಅದಕ್ಕೇ ಸ್ವಲ್ಪ ಜಾಸ್ತಿ" ಎನ್ನುತ್ತಿದ್ದ.

ಊರವರ ಹಾಸಿಗೆಯನ್ನೆಲ್ಲ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮೋಡದ ಹಾಗೆ ಉಬ್ಬಿಸಿ ತುಂಬಿಕೊಡುತ್ತಿದ್ದವನು ತನ್ನ ಹಾಸಿಗೆಯನ್ನು ಮಾತ್ರ ಬಿಚ್ಚಲಿಲ್ಲ. "ಮಂದಿಗೆ ಮೋಡ, ನಮಗೆ ಬಂಡೆ" ಎಂದು ಅಮ್ಮ ಚುಚ್ಚಿದರೆ, "ಕೈಯಲ್ಲಿರೋ ಕೆಲಸ ಮುಗೀಲಿ, ಮಾಡೋಣ" ಎನ್ನುತ್ತಿದ್ದ. ಕೆಲಸ ಮುಗಿಯುವ ಮೊದಲು ಅವನ ದೀಪಕ್ಕೆ ದೇವರು ಎರೆದ ಎಣ್ಣೆ ತೀರಿತು.

ಹಾಸಿಗೆಯಲ್ಲಿ ಅವನ ತಗ್ಗು ಉಳಿಯಿತು. ಕಿಟಕಿಯ ಕಡೆ, ಭುಜಕ್ಕೊಂದು ಗುಳಿ, ಸೊಂಟಕ್ಕೊಂದು, ಮಡಿಸಿದ ಮೊಣಕಾಲಿಗೆ ಇನ್ನೊಂದು. ಚಾದರ ಬದಲಿಸಲು ಹೋದವಳು ಸುಮ್ಮನೆ ಅಂಚಿನಲ್ಲಿ ಕೂತೆ. ಹತ್ತಿ ಮೆಲ್ಲಗೆ ಒಳಗೆ ಎಳೆದುಕೊಂಡಿತು. ನಿದ್ದೆ ಹತ್ತಿದ್ದೇ ಗೊತ್ತಾಗಲಿಲ್ಲ. ಕನಸಿನಲ್ಲಿ ನಮ್ಮದೇ ಅಂಗಡಿ. ಹತ್ತಿ ನೆಲದಿಂದ ಮೇಲಕ್ಕೆ ಸುರಿಯುತ್ತಿತ್ತು. ಅದರ ನಡುವೆ ಅಪ್ಪ ನನಗೆ ಬೆನ್ನು ಮಾಡಿ ನಿಂತು, ಉದ್ದನೆಯ ದಬ್ಬಳಕ್ಕೆ ದಾರ ಪೋಣಿಸುತ್ತಿದ್ದ.

ತಮ್ಮನನ್ನು ಮನೆಯಲ್ಲಿ ಕರೆಯುವುದೇ ಡುಮ್ಮ ಎಂದು. ಈಗ ಅಂಗಡಿ ನಮ್ಮಿಬ್ಬರದು. ಯಂತ್ರ ಅವನಿಗೆ, ಹೊಲಿಗೆ ನನಗೆ. ಕನಸು ಹೇಳಿದರೆ ನಕ್ಕ.

"ಅಲ್ಲೂ ದುಡಿಸ್ತಿದ್ದೀಯಾ? ಪಾಪ, ಸತ್ತ ಮೇಲಾದ್ರೂ ರಜ ಕೊಡು ಅಕ್ಕಾ."

ಮಾರನೆಯ ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು ಊಟಕ್ಕೆ ಬಂದವನು ಕಾಣಲಿಲ್ಲ. ಹೋಗಿ ನೋಡಿದರೆ ಆ ತಗ್ಗಿನಲ್ಲಿ ಬಾಯಿ ತೆರೆದು ಮಲಗಿದ್ದ. ಎದ್ದಾಗ ಕಣ್ಣು ಕೆಂಪಗಿದ್ದವು.

"ಅಂಗಡಿಯಿಂದ ಹೊರಗೆ ಬಂದ. ಹೆಗಲ ಮೇಲೆ ಸುತ್ತಿದ ಹಾಸಿಗೆ. ಬೀದಿಯ ತಿರುವಿನ ತನಕ ಹಿಂದೆ ಹಿಂದೇ ಹೋದೆ. ಕೂಗಿದ್ರೂ ತಿರುಗ್ಲಿಲ್ಲ."

ಮರುದಿನ ನಾನು ಮಲಗಿದರೆ ಕನಸು ಆ ತಿರುವಿನಿಂದಲೇ ಶುರುವಾಯಿತು. ಕಾವ್ಯ ಓದುವಾಗ ಒಬ್ಬರು ಉಸಿರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಪದ್ಯ ಎತ್ತಿಕೊಳ್ಳುತ್ತಾರಲ್ಲ, ಹಾಗೆ. ಅಂದಿನಿಂದ ಸರದಿ ಹಾಕಿಕೊಂಡೆವು. ಸೇತುವೆ ದಾಟುವವರೆಗೆ ನಾನು, ಆಚೆಯ ಬಯಲಿನಲ್ಲಿ ಡುಮ್ಮ. ಅಪ್ಪ ನಡೆಯುತ್ತಲೇ ಇದ್ದ. ಹೆಗಲ ಹಾಸಿಗೆಯಿಂದ ಹತ್ತಿ ಉದುರಿ ದಾರಿ ಬೆಳ್ಳಗಾಗುತ್ತಿತ್ತು. ದಾರಿಬದಿಯ ಮನೆಗಳಲ್ಲಿ ನಿದ್ದೆ ಬಾರದವರು ಕಿಟಕಿಯಿಂದ ಕೈ ಚಾಚಿ ಒಂದೊಂದು ಎಳೆ ಹಿಡಿದು, ಅದನ್ನೇ ಕೆನ್ನೆಯ ಕೆಳಗಿಟ್ಟು ಮಲಗುತ್ತಿದ್ದರು. ನಮಗೆ ಮಾತ್ರ ಬೆನ್ನು.

ನನಗೆ ಮುಖ ಬೇಕಿತ್ತು. ಆಸ್ಪತ್ರೆಯಲ್ಲಿ ಕೊನೆಗೆ ಕಂಡ ಮುಖದ ತುಂಬ ಕೊಳವೆಗಳಿದ್ದವು. ನೆನೆದಾಗಲೆಲ್ಲ ಅದೇ ಬಂದು ಮುಂದೆ ನಿಲ್ಲುತ್ತಿತ್ತು, ಹಿಂದಿನದನ್ನೆಲ್ಲ ಮರೆ ಮಾಡಿ. ಸರಿಯಾದ ಮುಖ ಒಮ್ಮೆ ಕಾಣಲಿ, ಆಮೇಲೆ ದೇವರು ಇಟ್ಟ ಹಾಗೆ ಇರುತ್ತೇನೆ. ನಾನು ಬೇಡಿಕೊಂಡದ್ದು ಅಷ್ಟೇ.

ಅಮ್ಮ ಬೇಡವೆನ್ನಲಿಲ್ಲ. ರಾತ್ರಿ ತನ್ನ ಮಗ್ಗುಲಲ್ಲೇ, ಬಾಗಿಲ ಕಡೆ ಮಲಗುತ್ತಿದ್ದಳು. ಮಧ್ಯಾಹ್ನ ನಾವು ಎದ್ದ ಮೇಲೆ ಬಂದು, "ಕಣ್ತುಂಬ ನಿದ್ದೆ ಆಯ್ತಾ?" ಎಂದು ಕೇಳಿ, ಚಾದರದ ಸುಕ್ಕು ತೆಗೆದು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಮಲಗಿದರೆ ಎಲ್ಲ ಹಿತವಾಗಿತ್ತು. ಅದಕ್ಕೇ ಎದೆ ಧಸಕ್ಕೆಂದಿತು. ಮೊದಲೆಲ್ಲ ಆ ಗುಳಿಯಲ್ಲಿ ನನ್ನ ಭುಜ, ದೊಡ್ಡವರ ಚಪ್ಪಲಿಯಲ್ಲಿ ಮಗುವಿನ ಕಾಲಿದ್ದ ಹಾಗಿರುತ್ತಿತ್ತು. ಈಗ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತ್ತು. ಯಾರು ಮಲಗುತ್ತಾರೋ ಹತ್ತಿ ಅವರ ಮೈ ಕಲಿಯುತ್ತದೆ ಎಂದು ದಿನಬೆಳಗಾದರೆ ಗಿರಾಕಿಗಳಿಗೆ ಪಾಠ ಹೇಳುವವಳು ನಾನು. ಅವತ್ತಿನ ಕನಸಿನಲ್ಲಿ ಅಪ್ಪನ ಬೆನ್ನಿನೊಳಗಿಂದ ಆಚೆಯ ಮರ ಕಾಣುತ್ತಿತ್ತು. ಎದ್ದು ಸೂರಿಗೆ ಆ ಮಾತು ಕೇಳಿದ್ದು ಅವತ್ತೇ.

ಕೆಳಗಿಳಿದು ಡುಮ್ಮನ ಮೇಲೆ ಹರಿಹಾಯ್ದೆ.

"ಆನೆ ಹೊಕ್ಕ ಕಬ್ಬಿನ ಗದ್ದೆ ಮಾಡಿಟ್ಟಿದ್ದೀಯ! ಹೋಗಿ ನೋಡು!"

"ಓಹೋ, ನೀನೇನು ಹೂವಿನ ಎಸಳಾ? ಮೊನ್ನೆ ಮೊಣಕಾಲಿನ ಗುಳೀನ ಅಂಗೈಯಲ್ಲಿ ಒತ್ತಿ ಒತ್ತಿ ಸರಿಮಾಡ್ತಿದ್ದೋರು ಯಾರು? ಬಾಗಿಲಲ್ಲೇ ನಿಂತಿದ್ದೆ ನಾನು."

ಅವನು ಯಂತ್ರ ನಿಲ್ಲಿಸಿದ. ಗಾಳಿಯಲ್ಲಿದ್ದ ಎಳೆಗಳೆಲ್ಲ ಒಂದೊಂದಾಗಿ ಇಳಿದವು.

"ಇನ್ನೆಷ್ಟು ಸಲ ಆಗುತ್ತೆ?" ಎಂದ.

"ಒಂದು ಸಲ ಆದ್ರೆ ಪುಣ್ಯ."

"ನಾಳೆ ನನ್ನ ಸರದಿ." ಹುಬ್ಬಿನ ಮೇಲಿನ ಎಳೆಯನ್ನು ತೆಗೆದು ಊದಿದ. "ನೀನೇ ಮಲಗು ಅಕ್ಕಾ. ನನಗೆ ಬೆನ್ನು ಸಾಕು. ಅದರ ಮೇಲೆ ಸವಾರಿ ಮಾಡಿಯೇ ಬೆಳೆದೋನು ನಾನು."

ಮರುದಿನ ಊಟ ಮುಗಿಸಿ, ಮುಖ ತೊಳೆದು, ಯಾರನ್ನೋ ಕಾಣಲು ಹೊರಟವಳಂತೆ ತಲೆ ಬಾಚಿಕೊಂಡು ಕೋಣೆಗೆ ಹೋದೆ. ಅಮ್ಮ ಹಾಸಿಗೆಯ ಮೇಲೆ ಕೂತಿದ್ದಳು. ಆ ಹೊತ್ತಿಗೆ ಅವಳು ಅಲ್ಲಿಗೆ ಬಂದದ್ದೇ ಇಲ್ಲ. ತನ್ನ ಮಗ್ಗುಲಲ್ಲೇ ಕೂತು, ಅಪ್ಪನ ಭುಜದ ಗುಳಿಯಲ್ಲಿ ಕೈಯಿಟ್ಟು, ಅಂಗಿಯಿಂದ ಬಿದ್ದ ಗುಂಡಿ ಹುಡುಕುವವರ ಹಾಗೆ ತಡಕುತ್ತಿದ್ದಳು.

"ಅಮ್ಮಾ, ಸ್ವಲ್ಪ ಹೊತ್ತು ನಾನಿಲ್ಲಿ..."

"ಕೂತ್ಕೋ" ಎಂದು ಕುರ್ಚಿ ತೋರಿಸಿದಳು. ಕೂತೆ.

"ನಿಮಗೆ ಬರೀ ಬೆನ್ನು ಕಾಣುತ್ತೆ ಅಂತ ಡುಮ್ಮ ಹೇಳ್ದ. ಅವರು ಮಲಗ್ತಿದ್ದದ್ದು ಈ ಕಡೆ ಮುಖ ಮಾಡಿ. ನನಗೆ ಎಚ್ಚರ ಆದ್ರೆ ಸುಮ್ಮನೆ ಕೈಯಿಟ್ಟು ನೋಡ್ತಿದ್ದೆ. ಹೋದ ಮೇಲೂ ಇಡ್ತಿದ್ದೆ. ಭುಜ ಇಲ್ಲಿ, ಕುತ್ತಿಗೆ ಇಲ್ಲಿ, ಉಸಿರು ಬಿಡೋ ಜಾಗ ಇಲ್ಲಿ ಅಂತ ಕೈಗೆ ಗೊತ್ತಾಗೋದು. ಹಾಗೇ ನಿದ್ದೆ ಬಂದುಬಿಡೋದು." ತಡಕುತ್ತಿದ್ದ ಕೈ ನಿಂತಿತು. "ಈಗ ಕೈಯಿಟ್ರೆ ನೀನು ಸಿಗ್ತೀಯ. ಇಲ್ಲಾಂದ್ರೆ ಡುಮ್ಮ ಸಿಗ್ತಾನೆ."

ಕೆಳಗೆ ಡುಮ್ಮ ಯಾರಿಗೋ ದಿಂಬಿನ ಬೆಲೆ ಹೇಳುತ್ತಿದ್ದ. ಬಹಳ ದೂರದಲ್ಲಿ, ನೀರಿನೊಳಗಿಂದ ಹೇಳುತ್ತಿರುವಂತೆ ಕೇಳಿಸಿತು.

"ಯಾಕಮ್ಮಾ ಹೇಳ್ಲಿಲ್ಲ ಇಷ್ಟು ದಿನ?"

"ಅಳೋದು ನಿಲ್ಲಿಸಿ ಮಲಗಿದ್ರಿ. ಮಲಗಿದ ಮಕ್ಕಳನ್ನ ಯಾರಾದ್ರೂ ಎಬ್ಬಿಸ್ತಾರಾ?"

ಎದ್ದು ಹೊರಗೆ ಬರಬೇಕಿತ್ತು. ಬರಲಿಲ್ಲ, ಆಸೆಗೆಲ್ಲಿಯ ನಾಚಿಕೆ. ಕುರ್ಚಿಯಿಂದ ಇಳಿದು ಅವಳ ಮಂಡಿಯ ಹತ್ತಿರ ನೆಲದಲ್ಲಿ ಕೂತೆ.

"ಅಮ್ಮಾ, ಇವತ್ತೊಂದೇ ಸಲ. ಮುಖ ನೋಡಿದ ತಕ್ಷಣ ಎದ್ದುಬಿಡ್ತೀನಿ. ಇನ್ನು ಯಾವತ್ತೂ ಕೇಳಲ್ಲ. ನಿನ್ನಾಣೆ."

ಅಮ್ಮ ಇನ್ನೊಂದು ಕೈಯಿಂದ ನನ್ನ ತಲೆ ನೇವರಿಸಿದಳು, ಹಣೆಯಿಂದ ಹಿಂದಕ್ಕೆ, ಮೆಲ್ಲಗೆ, ಮತ್ತೆ ಮತ್ತೆ. ಗುಳಿಯಲ್ಲಿದ್ದ ಕೈ ಅಲ್ಲೇ ಇತ್ತು.

"ಇಲ್ಲ" ಎಂದಳು. "ಕೊಡಲ್ಲ."