ರೆಪ್ಪೆ ಮುಚ್ಚದ ಚಳಿಗಾಲ

ಮತ್ತೆ ಕಣ್ಣಿಗೆ ಮರಳು ಬಿದ್ದಂತಾಯಿತು, ಮರಳಲ್ಲ, ಏನೂ ಇಲ್ಲ, ಬರೀ ಬಿಸಿಗಾಳಿ, ಕಿಟಕಿಯ ಕೆಳಗಿನ ಹೀಟರಿನಿಂದ ಎದ್ದು ಪರದೆಯ ಅಂಚನ್ನು ಅಲುಗಿಸಿ ನೇರ ನನ್ನ ಮುಖಕ್ಕೆ ಬರುತ್ತದೆ — ಹೊರಗೆ ನಮ್ಮೂರು ಕುವೋಪಿಯೊದ ಸರೋವರ ಬೆಳ್ಳಗೆ ಗಟ್ಟಿಯಾಗಿ ಬಿದ್ದಿದೆ, ಅದರ ಮೇಲೆ ಯಾರೋ ಜಾರಿಕೊಂಡು ಹೋಗುತ್ತಿದ್ದಾರೆ, ಹೋಗಲಿ, ಇದು ಫೆಬ್ರವರಿ, ಈಗ ಹೋಗಬಹುದು, ನನ್ನ ತಂಗಿ ಲೆಂಪಿ ಹೋದದ್ದು ಡಿಸೆಂಬರಿನ ಮೊದಲಲ್ಲಿ, ಮಂಜುಗಡ್ಡೆ ಇನ್ನೂ ಹಪ್ಪಳದಂತಿದ್ದಾಗ, ಒಂದ್ ಸುತ್ತು ಹಾಕ್ಕೊಂಡ್ ಬರ್ತೀನಿ ಹಿಲ್ಕ, ಕಾಫಿಗಿಡು ಅಂದಳು, ಸ್ಕೇಟಿಂಗ್ ಷೂ ಹೆಗಲಿಗೆ ನೇತುಹಾಕಿಕೊಂಡಳು, ಇಟ್ಟೆ, ಕಾಫಿ ಕುದಿಯಿತು, ಆರಿತು. ಅವಳ ಕೈ ಯಾವಾಗಲೂ ತಣ್ಣಗೆ, ಹಾಸಿಗೆಯಲ್ಲಿ ಬೇಕೆಂದೇ ನನ್ನ ಕತ್ತಿಗೆ ತಗುಲಿಸಿ ನಗುವಳು, ಅಂದು ನೀರಿನಿಂದ ಎತ್ತಿದ ಮೇಲೆ ದಡದಲ್ಲಿ ಹಿಡಿದಾಗ ಕಲ್ಲು, ಮನೆಗೆ ಬಂದವಳೇ ಹೀಟರಿನ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದೆ, ಅಂದಿನಿಂದ ಇಳಿಸಿಲ್ಲ, ಅವಳು ಬಂದಾಗ ಮನೆ ಬೆಚ್ಚಗಿರಲಿ — ಬರುವುದಿಲ್ಲ, ಗೊತ್ತು, ಆದರೂ ಗುಂಡಿಗೆ ಕೈ ಹೋಗುವುದಿಲ್ಲ. ಅವಳನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲೂ ಕಣ್ಣು ಹೀಗೇ ಉರಿಯುತ್ತಿತ್ತು, ಹಿಂದಿನ ಬೆಂಚಿನಲ್ಲಿ ಸೋದರತ್ತೆ ಸೈಮಿ, ಒಂದ್ ಹನೀನೂ ಇಲ್ಲ ನೋಡಿ ಇವಳ ಕಣ್ಣಲ್ಲಿ, ಒಡಹುಟ್ಟಿದವಳಂತೆ, ನನಗೆ ಕೇಳಲೆಂದೇ ಅಂದದ್ದು. ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ, ದೀಪ ಹಿಡಿದು ನೋಡಿದರು, ಮನೇಲಿ ಹೀಟರ್ ಜೋರಾಗಿ ಇಡ್ತೀರಾ, ಆ ಒಣಗಾಳಿಗೆ ಕಣ್ಣಿನ ಪಸೆ ಆರಿಹೋಗುತ್ತೆ, ಕಮ್ಮಿ ಮಾಡಿ, ಅದರ ಪಕ್ಕ ಕೂರ್ಬೇಡಿ, ಅಲ್ಲ, ನೀವು ರೆಪ್ಪೇನೇ ಹೊಡೀತಿಲ್ವಲ್ಲ, ಹೊಡೀರಿ. ಹೂಂ ಅಂದೆ. ರೆಪ್ಪೆ ಮುಚ್ಚಲು ನನಗೇಕೆ ಭಯವೆಂದು ಡಾಕ್ಟರಿಗೆ ಹೇಗೆ ಹೇಳುವುದು.

ಬಾಗಿಲು ತೆರೆದ ಸದ್ದು, ಎದುರುಮನೆಯ ರೌಹಾ, ಕೈಯಲ್ಲಿ ಮೀನು ತುಂಬಿ ಬೇಯಿಸಿದ ರೈ ರೊಟ್ಟಿ, ಅಯ್ಯೋ ಇದೇನೇ, ಮನೇನೋ ಉಗಿಸ್ನಾನದ ಸೌನಾನೋ, ಬಟ್ಟೆ ಬಿಚ್ಚಿಟ್ಟು ಒಳಗ್ ಬರ್ಬೇಕಾ ನಾನು, ಎನ್ನುತ್ತಲೇ ಬಗ್ಗಿ ಗುಂಡಿಗೆ ಕೈ ಹಾಕಿದಳು. ಬೇಡ ರೌಹಾ, ಅವಳಿಗೆ ಚಳಿ ಆಗುತ್ತೆ — ಬಾಯಿಂದ ಜಾರಿಹೋಯಿತು. ರೌಹಾ ನಗಲಿಲ್ಲ, ಬಗ್ಗಿದವಳು ಬಗ್ಗಿಯೇ ಇದ್ದಳು, ಆಮೇಲೆ ಮೆಲ್ಲಗೆ, ನಾನು ಹೆಣೆದ ಉಣ್ಣೆ ಸ್ವೆಟರ್ ಹಾಕೇ ಅಲ್ವೇನೇ ಪೆಟ್ಟಿಗೇಲಿ ಮಲಗಿಸಿ ಕಳಿಸಿದ್ದು ಅವಳನ್ನ, ದಪ್ಪದ್ದು, ಕತ್ತಿನವರೆಗೂ ಗುಂಡಿ ಹಾಕಿದ್ದು ನೀನೇ, ಮರೆತ್ಯಾ. ಮರೆತಿದ್ದೆ. ನೀಲಿ ಸ್ವೆಟರ್, ಮರದ ಗುಂಡಿಗಳು, ಒಂದು ಸುಲಭವಾಗಿ ಹೋಗಲಿಲ್ಲ, ಹೌದು, ನಾನೇ ಹಾಕಿದೆ. ಇಳಿಸು ಅಂದೆ. ಹೀಟರ್ ಟಿಕ್ಕೆಂದು ಆರತೊಡಗಿತು, ರೌಹಾ ಕಿಟಕಿ ತುಸು ತೆರೆದಳು, ಹಿಮದ ವಾಸನೆ, ಟವೆಲ್ ಒದ್ದೆ ಮಾಡಿ ಹೀಟರಿನ ಮೇಲೆ ಹಾಸಿದಳು, ಕೂತ್ಕೋ, ರೊಟ್ಟಿ ಕುಯ್ತೀನಿ, ಅಡುಗೆಮನೆಯಲ್ಲಿ ಚಾಕುವಿನ ಸದ್ದು, ಗಾಳಿ ಹಸಿಯಾಗುತ್ತಿದೆ, ರೆಪ್ಪೆ ಭಾರ, ತಡೆಯಬೇಕು, ತಡೆಯಲಾಗುತ್ತಿಲ್ಲ, ಎಷ್ಟು ದಿನಗಳಿಂದ ತಡೆದದ್ದು, ಮುಚ್ಚಿಕೊಂಡವು, ಕೆನ್ನೆಯ ಮೇಲೆ ಏನೋ ಬೆಚ್ಚಗೆ ಇಳಿಯಿತು — ಒಳಗೆ ಅದೇ, ಪ್ರತಿ ಸಲವೂ ಅದೇ, ದಡದಲ್ಲಿ ಮಲಗಿಸಿದ್ದಾರೆ, ಮುಖ ಮೇಲಕ್ಕೆ, ರೆಪ್ಪೆಯಂಚಿಗೆ ಹಿಮದ ಹರಳು, ಲೆಂಪಿಯ ಕಣ್ಣು ತೆರೆದೇ ಇದೆ, ತುಂಬ ನೀರು, ಮಿಟುಕುವುದಿಲ್ಲ, ತೆರೆದೇ ಇದೆ, ತುಂಬ ನೀರು